ಹೆಂಚು ಒಡೆದವರು ಎದ್ದು ನಿಲ್ಲಿ

ಪೊಲೀಸರ ಮುಂದೆ ಬಾಯಿ ಬಿಡಬೇಡ ಅಂತ ಒಬ್ಬ ಹುಡುಗನಿಗೆ ಹೇಳಿಕೊಡಲು ಎಷ್ಟು ಹೊತ್ತು ಬೇಕು? ಒಂದು ಲೋಟ ಕಾಫಿ ಕುಡಿಯುವಷ್ಟು ಸಾಕು ಅಂದುಕೊಂಡಿದ್ದೆ. ನನ್ನ ತಲೆ!

ಹುಡುಗನ ಹೆಸರು ನಿಂಗರಾಜು ಅಂತಿಟ್ಟುಕೊಳ್ಳಿ. (ಎಲ್ಲರ ಹೆಸರೂ ಬದಲಾಯಿಸಿದ್ದೇನೆ, ಹುಡುಕಿಕೊಂಡು ಹೋಗಬೇಡಿ.) ನನ್ನ ಅಕ್ಕನ ಒಬ್ಬನೇ ಮಗ. ಅಕ್ಕ ಇರುವುದು ಹನಕೆರೆಯಲ್ಲಿ. ಇವನು ಮದ್ದೂರಿನ ನಮ್ಮ ಮನೆಯಲ್ಲಿದ್ದುಕೊಂಡು ಲೂಥರನ್ ಮಿಷನ್ ಸ್ಕೂಲಿನಲ್ಲಿ ಓದುತ್ತಾನೆ. ಈ ವರ್ಷ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ. ಪಾಸಾದರೆ ಹಳ್ಳಿ ಮೇಷ್ಟ್ರ ಕೆಲಸವಾದರೂ ಸಿಕ್ಕೀತು ಅಂತ ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾಳೆ.

ಇಂಥಾ ಮಹಾಶಯ ಕಳೆದ ವಾರ ಸ್ಕೂಲಿನ ಸೂರಿನ ಮೇಲೆ ಹತ್ತಿ ಕಾಂಗ್ರೆಸ್ಸಿನ ಮೂರು ಬಣ್ಣದ ಬಾವುಟ ಕಟ್ಟಿ ಬಂದ.

ಬಾವುಟ ಕಂಡರೆ ನಮ್ಮ ಪೊಲೀಸರು ಹೇಗಾಡುತ್ತಾರೆ ಅಂತ ನಿಮಗೆ ಹೇಳಬೇಕೆ? ಸಿಕ್ಕಿಬಿದ್ದರೆ ಸ್ಕೂಲಿನಿಂದ ಹೆಸರು ಹೊಡೆದುಹಾಕುತ್ತಾರೆ. ಪರೀಕ್ಷೆ ಗೋವಿಂದ!

ಅವತ್ತೇ ಸಾಯಂಕಾಲ ಕೂರಿಸಿಕೊಂಡು ಹೇಳಿದೆ: "ನೋಡ್ಲಾ, ನಾಳೆ ಪೊಲೀಸ್ನೋರು ಬತ್ತಾರೆ. ಬಾವುಟದ ಇಚಾರ ನೀನಾಗೇ ಎತ್ತಬ್ಯಾಡ. ತಿಳೀತಾ?"

"ಊಂ ಮಾವ, ಎತ್ತಕಿಲ್ಲ."

"ನಿಮ್ಮವ್ವನ ಮೇಲೆ ಆಣೆ ಮಾಡು."

"ಆಣೆಗೀಣೆ ಮಾಡಬಾರ್ದು ಅಂತಾರೆ ನಮ್ ಸ್ಕೂಲಲ್ಲಿ. ಎತ್ತಕಿಲ್ಲ ಅಂದ್ನಲ್ಲ, ಬುಡು."

ಈ ಸ್ಕೂಲಿನ ರೀತಿಯೇ ಒಂಥರಾ. ನಾನು ಓದಿದ ಮಠದಲ್ಲಿ ತಪ್ಪು ಮಾಡಿದರೆ ಜಂತಿಗೆ ನೇತುಹಾಕಿ ಕೋದಂಡದ ಶಿಕ್ಷೆ. ಇಲ್ಲಿ ಬೆತ್ತವೇ ಇಲ್ಲ! ದಿನಾ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಯೋಹಾನಪ್ಪನವರು ಒಂದೇ ಮಾತು ಕೇಳುತ್ತಾರೆ: "ನಿನ್ನೆ ತಪ್ಪು ಮಾಡಿದವರು ಎದ್ದು ನಿಲ್ಲಿ." ಮಾಡಿದವರು ತಾವಾಗೇ ನಿಲ್ಲಬೇಕು. ಕೆಡಿಸಿದ್ದನ್ನು ತಾವೇ ಸರಿಮಾಡಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಅದನ್ನು ಎತ್ತಿ ಆಡುವ ಹಾಗಿಲ್ಲ.

ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಹೀಗೆ ಕೇಳಿದರೆ ಯಾವ ಕಳ್ಳ ಎದ್ದು ನಿಲ್ತಾನೆ ಸ್ವಾಮಿ?

ಬೆಳಗ್ಗೆ ಹುಡುಗನ ಕಾವಲಿಗೆ ಅಂತ ನಾನೂ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಮುಂದೆ ಕುರ್ಚಿಯಲ್ಲಿ ಇನ್‌ಸ್ಪೆಕ್ಟರು. ಪಕ್ಕದಲ್ಲಿ ಪೇದೆ ಬೋರಯ್ಯ. ಬೋರಯ್ಯನ ಮಗಳು ಜಯಿ ಅಲ್ಲೇ ಮೂರನೇ ಕ್ಲಾಸು. ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅಪ್ಪನ ಬೂಟನ್ನೇ ನೋಡುತ್ತಿದ್ದಳು.

"ಕೇಳಿ ಹೆಡ್‌ಮಾಸ್ಟರೇ, ನಿಮ್ಮ ಪದ್ಧತೀಲೇ ಕೇಳಿ" ಅಂದರು ಇನ್‌ಸ್ಪೆಕ್ಟರು.

ಕೇಳಿದರು.

ಒಬ್ಬಳು ಎದ್ದಳು. "ನಾನು ಸಾ. ಕಾಂಪೌಂಡಿನ ಸೀಬೆಕಾಯಿ ಕಿತ್ಕಂಡೆ." ಒಬ್ಬ ಎದ್ದ. "ಪಕ್ಕದೋನ ಲೆಕ್ಕ ನೋಡ್ಕಂಡು ಬರೆದೆ ಸಾ." ಆಮೇಲೆ ಯಾರೂ ಏಳಲಿಲ್ಲ. ಅಬ್ಬಾ, ಬದುಕಿದೆ ಅಂತ ನಾನು ಉಸಿರು ಬಿಡುವಷ್ಟರಲ್ಲಿ ನಮ್ಮ ನಿಂಗರಾಜು ಎದ್ದು ನಿಂತ!

"ನಾನು ಸಾ. ಎರಡು ಎಂಚು ಒಡೆದೆ."

ಇನ್‌ಸ್ಪೆಕ್ಟರು ಕುರ್ಚಿಯಿಂದ ಚಂಗನೆ ಎದ್ದರು. "ಯಾವ ಹೆಂಚು?"

"ಸೂರಿಂದು ಸಾ. ಅತ್ತುವಾಗ ಕಾಲು ಜಾರ್ತು."

"ಯಾಕೋ ಹತ್ತಿದ್ದೆ?"

ಹುಡುಗ ತಿರುಗಿ ನನ್ನ ಮುಖ ನೋಡಿದ. ನೀನು ಹೇಳಿದ ಹಾಗೆ ನಾನಾಗಿ ಎತ್ತಲಿಲ್ಲ ಮಾವ, ಅವರೇ ಎತ್ತಿದರು, ಅನ್ನುವ ಹಾಗೆ.

"ಬಾವುಟ ಕಟ್ಟಕೆ ಸಾ."

"ಮತ್ತೆ ಅದಕ್ಕೆ ಯಾಕೆ ನಿಲ್ಲಲಿಲ್ಲ, ಬದ್ಮಾಷ್?"

"ತಪ್ಪು ಮಾಡಿದೋರು ನಿಲ್ಲಿ ಅಂದ್ರು ಸಾ. ಎಂಚು ಒಡೆದದ್ದು ತಪ್ಪು. ಅದ್ಕೆ ನಿಂತೆ."

ಹುಡುಗ ಎದೆ ಸೆಟೆಸಿ ಭಾಷಣ ಬಿಗಿದಿದ್ದರೆ ಮನೆಗೆ ಕರೆದುಕೊಂಡು ಹೋಗಿ ಎರಡು ಬಾರಿಸುತ್ತಿದ್ದೆ. ಭಾಷಣ ಎಲ್ಲಿ ಬಂತು? ಅಂಗಿ ಗುಂಡಿ ತಿರುವುತ್ತಾ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ನಿಜಕ್ಕೂ ಆ ಎರಡು ಹೆಂಚಿನ ಬಗ್ಗೆ ಬೇಜಾರಾಗಿತ್ತು! ಪೊಲೀಸರ ಬೂಟಿಗೆ ಹೆದರದ ಹುಡುಗ ಒಡೆದ ಹೆಂಚಿಗೆ ನಾಚಿಕೊಳ್ಳುತ್ತಾನಲ್ಲ, ಇದನ್ನು ಯಾವ ಬೆತ್ತ ಕಲಿಸೀತು?

"ಹೊಸ ಹೆಂಚು ಶೆಡ್ಡಿನಲ್ಲಿವೆ. ನೀನೇ ಹಾಕು" ಅಂದರು ಯೋಹಾನಪ್ಪನವರು.

"ಅದಿರಲಿ, ಇವನ ಹೆಸರು ಹೊಡೆದುಹಾಕಿ" ಅಂತ ಇನ್‌ಸ್ಪೆಕ್ಟರು.

"ತಪ್ಪಿಗೆ ಶಿಕ್ಷೆ ಕೊಟ್ಟಾಯಿತು. ಒಂದು ತಪ್ಪಿಗೆ ಎರಡು ಶಿಕ್ಷೆ ನಮ್ಮಲ್ಲಿಲ್ಲ."

"ಬಾವುಟಕ್ಕೆ?"

"ಅದಕ್ಕೆ ಯಾರೂ ಎದ್ದು ನಿಂತಿಲ್ಲವಲ್ಲ."

ಹೇಳಿದವರೇ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಮುಚ್ಚಿದರು.

ನಿಂಗರಾಜು ಸೂರು ಹತ್ತಿ ಹೆಂಚು ಕೂರಿಸಿದ. ಬಾವುಟ ಅವನ ಕೈಗೆಟುಕುವ ಹಾಗೆ ಪಟಪಟ ಅನ್ನುತ್ತಿತ್ತು. "ಹಂಗೇ ಅದನ್ನೂ ಕಿತ್ಕೊಂಡು ಬಾ" ಅಂತ ಕೆಳಗಿನಿಂದ ಇನ್‌ಸ್ಪೆಕ್ಟರ ಕೂಗು.

"ಎಂಚು ಮಾತ್ರ ಸಾ" ಅಂದವನೇ ಇಳಿದು ಬಂದ.

ಕೊನೆಗೆ ಬೋರಯ್ಯನೇ ಹತ್ತಬೇಕಾಯಿತು. ಬೂಟು ಕಾಲು, ಆ ದೇಹ. ಚಟ್! ಚಟ್! ಹೆಜ್ಜೆಗೊಂದು ಹೆಂಚು. ಕಿಸಕ್ಕನೆ ನಕ್ಕವನು ನಾನೊಬ್ಬನೇ. ಅಷ್ಟು ಮಕ್ಕಳಲ್ಲಿ ಒಂದೂ ನಗಲಿಲ್ಲ. ಜಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಬಾವುಟ ಇಳಿಯಿತು. ಹುಡುಗ ಠಾಣೆಗೆ ಹೋದ. ಸುದ್ದಿ ಕೇಳಿ ರೈಲಿನಲ್ಲಿ ಓಡಿಬಂದ ಅಕ್ಕ ಠಾಣೆ ಮುಂದೆ ಕೂತು ನನ್ನ ಜನ್ಮ ಜಾಲಾಡಿದಳು. "ನಿನ್ನ ನಂಬಿ ಮಗನ್ನ ಬುಟ್ರೆ ಟೇಸನ್ಗೆ ಕಳ್ಸಿದ್ಯಲ್ಲೋ! ಒಂದು ಸುಳ್ಳು ಏಳ್ಕೊಡಕೂ ಬರಲ್ವಾ ನಿಂಗೆ?" ಸಂಜೆಗೆ ಗದರಿಸಿ ಬಿಟ್ಟರು. ಸ್ಕೂಲಿನಲ್ಲಿ ಹೆಸರು ಹಾಗೇ ಉಳಿಯಿತು. ಪರೀಕ್ಷೆಯೂ ಉಳಿಯಿತು.

ಮಾರನೇ ಬೆಳಗ್ಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋಗಿ ಅದೇ ಬೆಂಚಿನಲ್ಲಿ ಕೂತೆ. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸಿತು.

"ನಿನ್ನೆ ತಪ್ಪು ಮಾಡಿದವರು ಎದ್ದು ನಿಲ್ಲಿ."

ಸೀಬೆಕಾಯಿ ಹುಡುಗಿ ಮತ್ತೆ ಎದ್ದಳು. (ಕಾಂಪೌಂಡಿನಲ್ಲಿ ಇನ್ನೂ ಕಾಯಿ ಇತ್ತು, ಪಾಪ.) ಅಷ್ಟರಲ್ಲಿ ಬಾಗಿಲ ಹತ್ತಿರ ಏನೋ ಸದ್ದು. ನೋಡಿದರೆ ಬೋರಯ್ಯ! ಬೂಟಿಲ್ಲ, ಟೋಪಿಯಿಲ್ಲ, ಪಂಚೆ ಉಟ್ಟು ನಿಂತಿದ್ದಾನೆ. ಕಂಕುಳಲ್ಲಿ ಹೊಸ ಹೆಂಚು. ಇನ್ನೊಂದು ಕೈಯ ಬೆರಳು ಜಯಿಯ ಮುಷ್ಟಿಯಲ್ಲಿ.

"ರಾತ್ರಿಯಿಂದ ಉಂಡಿಲ್ಲ ಸ್ವಾಮಿ ಈ ಕೂಸು. ನೀನೂ ಓಗಿ ನಿಂತ್ಕ, ಆಮೇಲೆ ಉಣ್ತೀನಿ ಅಂತಾಳೆ. ಎಂಚು ಒಡೆದೋನು ನಾನೇಯ. ಆಕ್ಕೊಡ್ತೀನಿ."

"ಸರಿ ಬೋರಯ್ಯ, ಆಯಿತು. ಕೂತುಕೊಳ್ಳಿ" ಅಂದರು ಹೆಡ್‌ಮಾಸ್ಟರು.

ಬೋರಯ್ಯ ಕೂರಲಿಲ್ಲ. ಹೆಂಚನ್ನು ಮೆಲ್ಲಗೆ ನೆಲಕ್ಕಿಟ್ಟ. ಒಮ್ಮೆ ಮಗಳನ್ನು ನೋಡಿದ, ಒಮ್ಮೆ ನಿಂಗರಾಜುವನ್ನು.

"ಎಂಚಿಗೆ ನಿಂತಿದ್ದಾಯ್ತು ಸ್ವಾಮಿ. ಬಾವುಟ ಇಳಿಸಿದ್ಕೂ ನಿಂತ್ಕಬೇಕಾ?"