ಒಂದು ಚಾಪೆಯಷ್ಟು ಬಿಸಿಲು

ಸೋಲಾರ್ ಹಾಕಿಸುವ ಮುಂಚೆ ಯಾರೂ ನಿಮಗೆ ಪಾರಿವಾಳಗಳ ವಿಷಯ ಹೇಳುವುದಿಲ್ಲ. ನುಣುಪಾದ ಗಾಜು ಕಂಡರೆ ಅವಕ್ಕೆ ಅದೇನು ಪ್ರೀತಿಯೋ! ಹೀಗಾಗಿ ಪದ್ಮನಾಭನಗರದ ನಮ್ಮ ತಾರಸಿಯ ಮೇಲೆ ಇವತ್ತು ಬೆಳಿಗ್ಗೆಯೂ ನಾನು ಬಕೆಟ್ಟು ಇಟ್ಟುಕೊಂಡು ಪ್ಯಾನಲ್ ಒರೆಸುತ್ತಿದ್ದೆ. ಚೌಕಟ್ಟಿನ ಸಂದಿಯಲ್ಲಿ ಏನೋ ಬಟ್ಟೆಗೆ ಸಿಕ್ಕಿತು. ಉಗುರಿನಿಂದ ಕೆರೆದು ತೆಗೆದರೆ, ಕಲ್ಲಿನಂತಾಗಿದ್ದ ಒಂದು ಸಬ್ಬಕ್ಕಿ ಕಾಳು.

ಸರ್ವೀಸಿಗೆ ಬಂದಿದ್ದ ಕಂಪನಿಯವರು ಬಗ್ಗಿ ನೋಡಿ, "ಏನ್ ಸಾರ್ ಅದು?" ಎಂದರು.

"ನಮ್ಮತ್ತೆ," ಎಂದೆ.

ಅವರು ನನ್ನಿಂದ ಒಂದು ಹೆಜ್ಜೆ ದೂರ ಸರಿದರು. ಅವರಿಗೆ ಹೇಳದಿದ್ದರೂ ನಿಮಗೆ ಹೇಳುತ್ತೇನೆ.

ಅತ್ತೆ ಎಂದರೆ ನನ್ನ ಹೆಂಡತಿ ಶೈಲಾಳ ತಾಯಿ. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದರು. ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. "ಅಳಿಯಂದ್ರೇ" ಎಂದು ಮೆತ್ತಗೆ ಕರೆದರೆ ನನಗೇನೋ ಕಾದಿದೆ ಎಂದೇ ಅರ್ಥ. ಅತ್ತೆ ಅಳಿಯ ಎದುರುಬದುರು ಜಗಳವಾಡುವುದುಂಟೇ? ನಮ್ಮ ಜಗಳಗಳೆಲ್ಲ ಶೈಲಾಳ ಮೂಲಕವೇ ಸಾಗುತ್ತಿದ್ದವು. ಮೂವರೂ ಒಂದೇ ಟೇಬಲ್ಲಿಗೆ ಊಟಕ್ಕೆ ಕೂತಿದ್ದರೂ "ನಿಮ್ಮಮ್ಮಂಗೆ ಹೇಳು" ಎಂದು ನಾನು, "ನಿನ್ ಗಂಡಂಗೆ ಹೇಳು" ಎಂದು ಅವರು. ಶೈಲಾ ಯಾರಿಗೂ ಏನೂ ಹೇಳದೆ ಸಾರು ಬಡಿಸುತ್ತಿದ್ದಳು.

ನಾನು ಪ್ಯಾನಲ್ ಹಾಕಿಸಿದ್ದು ತಾರಸಿಯ ತುಂಬ. ಬೇಸಿಗೆ ಬಂದಾಗ ಅತ್ತೆ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮೇಲೆ ಬಂದವರು ಸುತ್ತ ನೋಡಿದರು.

"ಅಳಿಯಂದ್ರೇ, ಸೂರ್ಯನ್ನ ಪೂರ್ತಿ ನೀವೇ ಇಟ್ಕೊಂಡ್ರೆ ಹೇಗೆ? ನಂಗೊಂದು ಚಾಪೆಯಷ್ಟು ಬಿಸಿಲು ಬಿಡಿ."

ನೀರಿನ ಟ್ಯಾಂಕಿನ ಪಕ್ಕದ ಮೂಲೆ ತೋರಿಸಿದೆ. ಮಧ್ಯಾಹ್ನಕ್ಕೆ ಅಲ್ಲಿ ಟ್ಯಾಂಕಿನದೇ ನೆರಳು. ಸಂಡಿಗೆ ಒಣಗದೆ ಬೂಸ್ಟು ಹಿಡಿಯಿತು. ಅತ್ತೆ ಅದನ್ನು ಚೆಲ್ಲಿ, ಮತ್ತೆ ಸಬ್ಬಕ್ಕಿ ನೆನೆ ಹಾಕಿದರು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಒಂದು ದಿನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತೇನೆ, ನಡುಮಧ್ಯಾಹ್ನ ಕರೆಂಟಿನ ಉತ್ಪಾದನೆ ನೆಲಕಚ್ಚಿದೆ. ಈ ಪ್ಯಾನಲ್‌ಗಳದ್ದು ಒಟ್ಟು ಕುಟುಂಬದ ಬುದ್ಧಿ, ಒಂದಕ್ಕೆ ನೆರಳು ಬಿದ್ದರೆ ಉಳಿದವೂ ಮುಖ ಊದಿಸುತ್ತವೆ. ಓಡಿ ಬಂದು ಮೆಟ್ಟಿಲು ಹತ್ತಿದರೆ, ಎರಡು ಪ್ಯಾನಲ್ ತುಂಬ ಸಾಲುಸಾಲಾಗಿ ಸಬ್ಬಕ್ಕಿ ಸಂಡಿಗೆ! ಇಂಗು, ಹಸಿಮೆಣಸಿನಕಾಯಿಯ ಘಮ ಬೇರೆ.

"ಗಾಜು ಚೆನ್ನಾಗಿ ಕಾದಿರುತ್ತೆ ಅಳಿಯಂದ್ರೇ. ಕಾಗೆ ಬಂದ್ರೂ ಜಾರಿ ಬೀಳುತ್ತೆ. ಬಲು ಒಳ್ಳೇ ವಸ್ತು ತಂದಿದೀರಿ."

ಆ ರಾತ್ರಿ ಊಟಕ್ಕೆ ಕೂತಾಗ "ಪ್ಯಾನಲ್ ಇರೋದು ಕರೆಂಟಿಗೆ, ಸಂಡಿಗೆಗಲ್ಲ ಅಂತ ನಿಮ್ಮಮ್ಮಂಗೆ ಹೇಳು" ಎಂದು ನಾನು ಶೈಲಾಳಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅತ್ತೆ ತಟ್ಟೆ ನೋಡುತ್ತ ಅಂದರು, "ಉತ್ತರಹಳ್ಳೀಲಿ ನಿನ್ ತಂಗಿ ಮನೆ ತಾರಸಿ ಖಾಲಿ ಇದ್ಯಲ್ಲ, ನಾನು ಅಲ್ಲಿಗೇ ಹೋಗಿದ್ಬಿಡ್ತೀನಿ."

ಅದು ತಮಾಷೆಯ ದನಿಯಾಗಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಅಷ್ಟು ಮರ್ಯಾದೆ ಕೊಟ್ಟು ನನ್ನ ಕಾಲೆಳೆಯುವವರು ಮನೆಯಲ್ಲಿ ಇನ್ಯಾರಿದ್ದರು? ಆದರೂ ಬಿಂಕ ಬಿಡಬೇಕಲ್ಲ.

ಬಿಂಕ ತಾನಾಗಿಯೇ ಇಳಿಯಿತು. ಆ ಭಾನುವಾರ ಕ್ರಿಕೆಟ್ ಮ್ಯಾಚಿತ್ತು. "ಕರೆಂಟ್ ಹೋದ್ರೂ ನಮ್ಮನೇಲಿ ಮ್ಯಾಚ್ ನಿಲ್ಲಲ್ಲ, ಬನ್ನಿ," ಎಂದು ಪಕ್ಕದ ಮನೆಯ ರಾಯರ ಸಂಸಾರವನ್ನು ಕರೆದಿದ್ದೆ. ಕರೆಂಟು ಹೋಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಟಿವಿ ಕಪ್ಪು, ಫ್ಯಾನು ಸ್ತಬ್ಧ. ಕಂಪನಿಗೆ ಫೋನ್ ಮಾಡಿದೆ. "ಸಾರ್, ಬೀದಿ ಲೈನ್ ಆಫ್ ಆದ್ರೆ ನಿಮ್ದೂ ಆಫ್ ಆಗುತ್ತೆ, ಇಲ್ದಿದ್ರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತೆ. ನೀವು ಬ್ಯಾಟರಿ ಹಾಕ್ಸಿಲ್ವಲ್ಲ. ಅವತ್ತೇ ಹೇಳಿದ್ವಿ." ಹೇಳಿರಬಹುದು. ಅವತ್ತು ನಾನು ಪ್ಯಾನಲ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ರಾಯರ ಮನೆಯಲ್ಲಿ ಹಳೆಯ ಯುಪಿಎಸ್ ಇತ್ತು. ಎಲ್ಲರೂ ಅಲ್ಲಿಗೇ ಹೊರಟೆವು. ಅತ್ತೆ ಕರಿದ ಸಂಡಿಗೆಯ ಡಬ್ಬ ಹಿಡಿದು ಬಾಗಿಲಲ್ಲಿ ನಿಂತರು.

"ಅಳಿಯಂದ್ರೇ, ಕರೆಂಟ್ ಹೋದ್ರೂ ನನ್ನ ಸಂಡಿಗೆ ಒಣಗುತ್ತೆ ನೋಡಿ."

ಮಾರನೆಯ ವಾರವೇ ಒಳ್ಳೆಯ ಬಿಸಿಲಿನ ಮೂಲೆಯ ಎರಡು ಪ್ಯಾನಲ್ ಬಿಚ್ಚಿಸಿ ಮೆಟ್ಟಿಲ ಕೋಣೆಯ ಮೇಲಕ್ಕೆ ಸಾಗಿಸಿದೆ. ಅಲ್ಲಿ ರಾಯರ ತೆಂಗಿನ ನೆರಳು ಬೀಳುತ್ತದೆ, ಬೀಳಲಿ. ಅತ್ತೆ ಉತ್ತರಹಳ್ಳಿಗೆ ಹೋಗಲಿಲ್ಲ. ಅವರು ಬದುಕಿದ್ದ ಕೊನೆಯ ಬೇಸಿಗೆಯವರೆಗೂ ಆ ಮೂಲೆ ಅವರದಾಗಿತ್ತು.

ಕಂಪನಿಯವರು ಈಗ ಅದೇ ಮೂಲೆಯಲ್ಲಿ ನಿಂತು ಅಳತೆ ಹಿಡಿಯುತ್ತಿದ್ದರು. "ಮೇಲೆ ನೆರಳಲ್ಲಿರೋ ಆ ಎರಡು ಪ್ಯಾನಲ್ಲನ್ನೂ ಇಲ್ಲಿಗೇ ತಂದ್ಬಿಡೋಣ ಸಾರ್. ಜಾಗ ಖಾಲಿ ಇದೆ, ಬಿಸಿಲೂ ಸಖತ್ತಾಗಿದೆ."

"ಖಾಲಿ ಇಲ್ಲ. ಅದು ಸಂಡಿಗೆ ಜಾಗ."

"ಈಗ ಯಾರು ಹಾಕ್ತಾರೆ ಸಾರ್ ಸಂಡಿಗೆ?"

ಅತ್ತೆ ಇಲ್ಲ. ಶೈಲಾ ಅಂಗಡಿಯಿಂದ ತರುತ್ತಾಳೆ. ಸಬ್ಬಕ್ಕಿ ಕಾಳು ಇನ್ನೂ ನನ್ನ ಅಂಗೈಯಲ್ಲೇ ಇತ್ತು.

"ನಾನೇ," ಎಂದುಬಿಟ್ಟೆ.

ತಾರಸಿಯ ಇನ್ನೊಂದು ತುದಿಯಲ್ಲಿ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದ ಶೈಲಾ ನನ್ನತ್ತ ತಿರುಗಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಅಳಿಯಂದ್ರೇ," ಎಂದಳು ಥೇಟು ತಾಯಿಯ ದನಿಯಲ್ಲಿ, "ಸಬ್ಬಕ್ಕೀನ ಹಿಂದಿನ ರಾತ್ರೀನೇ ನೆನೆ ಹಾಕ್ಬೇಕು."