ಅಕ್ಕಿಯ ಮೇಲೆ ಬರೆದ ಹೆಸರು

“ಸಿಕ್ಕಿದಳು, ಆಗ್ನೆಸ್ ಸಿಕ್ಕಿದಳು!” ಎಂದು ಅಮೆರಿಕದ ಲಿಯಾಂಡರ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಅಳುತ್ತಾ ಬಾಗಿಲು ಬಡಿದರು. ಮೊಮ್ಮಗಳು ಕಳೆದುಹೋಗಿದ್ದಳೇನೋ ಎಂದು ಗಾಬರಿಬಿದ್ದು ನಾನು ಕಾರಿನ ಕೀ ಹಿಡಿದೇ ಹೊರಬಂದೆ. ನೋಡಿದರೆ, ಆಗ್ನೆಸ್ ಸತ್ತು ನಾನೂರು ವರ್ಷವಾಗಿತ್ತು!

ಇಂಗ್ಲೆಂಡಿನ ಹಳ್ಳಿಯಲ್ಲಿ ರೈತರಾಗಿದ್ದ ಪೂರ್ವಜರನ್ನು ಅಜ್ಜಿ ವರ್ಷಗಳಿಂದ ಹುಡುಕುತ್ತಿದ್ದರು. ಚರ್ಚಿನ ಪುಸ್ತಕದಲ್ಲಿ ಬರೀ ‘ಜಾನ್‌ನ ಹೆಂಡತಿ’ ಎಂದಿದ್ದವಳ ಹೆಸರು ಈಗ ಅವಳಪ್ಪನ ಉಯಿಲಿನಲ್ಲಿ ಸಿಕ್ಕಿತ್ತು: ‘ಜಾನ್‌ನನ್ನು ಮದುವೆಯಾದ ನನ್ನ ಮಗಳು ಆಗ್ನೆಸ್‌ಗೆ ಒಂದು ಹಿತ್ತಾಳೆ ಹಂಡೆ.’

“ನಿನ್ನ ಅಜ್ಜಿಯ ಹೆಸರೇನು?”

“ಸೀತಾಬಾಯಿ,” ಎಂದೆ ಜಂಬದಿಂದ. ತಿಥಿಯಲ್ಲಿ ಮೂರು ತಲೆಮಾರು ಹೇಳುವವರಲ್ಲವೇ ನಾವು!

“ಮದುವೆಗೆ ಮೊದಲು?”

ಧಾರವಾಡಕ್ಕೆ, ಅಮ್ಮನಿಗೆ ಫೋನ್ ಮಾಡಿದೆ.

“ಸೀತಾಬಾಯಿ ಅಂತ ನಮ್ಮತ್ತಿಯವರಿಗೆ ಮದುವ್ಯಾಗ ಅಕ್ಕಿ ಮ್ಯಾಲೆ ಬರದು ಇಟ್ಟ ಹೆಸರವ್ವಾ. ಮೊದಲಿಂದು ಯಾರು ನೆನಪಿಟ್ಟಾರ? ಆ ಅಕ್ಕೀನೂ ಅನ್ನಾ ಮಾಡಿ ಉಂಡ್ರು.”

ನನ್ನ ಹೆಸರನ್ನೂ ಮದುವೆಯಲ್ಲಿ ಹಾಗೆಯೇ ಬದಲಿಸಿದ್ದರು. ಯಾವುದಕ್ಕೂ ಇರಲಿ ಎಂದು ಮಗಳನ್ನು ಕರೆದು ಹಳೆಯ ಹೆಸರು ಹೇಳಿದೆ. “ಓಕೆ, ಮಾಮ್,” ಎಂದವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಆಗ್ನೆಸ್‌ಗೆ ಒಂದು ಹಂಡೆಯಾದರೂ ಇತ್ತು.