ರಾಕ್‌ವಿಲ್‌ನಲ್ಲಿ ಎರಡು ನಿಮಿಷದ ವಾದ

ಪ್ರೊಫೆಸರ್ ನನ್ನ ಹೆಸರು ಕರೆದ ಕೂಡಲೇ ದಡಕ್ಕನೆ ಎದ್ದು ನಿಂತೆ. ಇಡೀ ಕ್ಲಾಸಿನಲ್ಲಿ ನಿಂತವಳು ನಾನೊಬ್ಬಳೇ. ಪಕ್ಕದ ಹುಡುಗಿ ಸ್ಯಾಂಡ್‌ವಿಚ್ ತಿನ್ನುತ್ತಲೇ ತಲೆ ಎತ್ತಿ ನೋಡಿದಳು. ಪ್ರೊಫೆಸರ್ ಎದುರಿಗೇ ತಿನ್ನುವುದೇ! ಮೈಸೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷ ವಕೀಲಿ ಮಾಡಿ, ಈ ಪರದೇಶಕ್ಕೆ ಕಾನೂನು ಓದಲು ಬಂದ ನನಗೆ ಕೂತು ಉತ್ತರ ಕೊಡುವುದೇ ಗೊತ್ತಿರಲಿಲ್ಲ.

ಪ್ರಶ್ನೆ ಇದು: ವೀಸಾ ಮೇಲೆ ಬಂದವರಿಗೆ ಇಲ್ಲಿ ವಾಕ್ ಸ್ವಾತಂತ್ರ್ಯ ಇದೆಯೇ? "ಇಲ್ಲ, ಅದು ನಾಗರಿಕರಿಗೆ ಮಾತ್ರ," ಎಂದು ಠೀವಿಯಿಂದ ಹೇಳಿದೆ. ನಮ್ಮ ಹತ್ತೊಂಬತ್ತನೇ ವಿಧಿ ಹೇಳುವುದು ಅದನ್ನೇ ತಾನೆ? ಪ್ರೊಫೆಸರ್ ನಕ್ಕರು. "ಅದು ನಿಮ್ಮ ಸಂವಿಧಾನ. ನಮ್ಮ ಸಂವಿಧಾನದ ಮೊದಲ ತಿದ್ದುಪಡಿ ಓದಿ, ವಾಕ್ ಸ್ವಾತಂತ್ರ್ಯ ಇರುವುದು ಅಲ್ಲಿ. ನಾಗರಿಕ ಎಂಬ ಮಾತೇ ಅಲ್ಲಿಲ್ಲ. ಎಷ್ಟು ರಕ್ಷಣೆ ಅನ್ನೋ ಜಗಳ ಕೋರ್ಟುಗಳಲ್ಲಿ ಇನ್ನೂ ಇದೆ. ಆದರೆ ಶುರು ಮಾಡುವುದು ಅಲ್ಲಿಂದ." ನಾಚಿಕೆಯಿಂದ ಕೂತುಬಿಟ್ಟೆ.

ಅದೇ ವಾರ ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ಬಸ್ ಸ್ಟಾಪ್ ತೆಗೆಯುವ ನೋಟಿಸ್ ಅಂಟಿಸಿದರು. ನನಗೆ ಕಾರು ಓಡಿಸಲು ಬಾರದು. ಸ್ಟಾಪ್ ಹೋದರೆ ನನ್ನ ಕ್ಲಾಸೂ ಹೋದಂತೆ. ಕೌಂಟಿಯವರು, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥವರು, ಹಿಯರಿಂಗ್ ಕರೆದಿದ್ದರು. ಜನ ಬಂದು ಅಹವಾಲು ಹೇಳುವ ಸಭೆ, ಒಬ್ಬರಿಗೆ ಎರಡೇ ನಿಮಿಷ.

ನಾನೂ ಹೋಗಿ ಮಾತಾಡುತ್ತೇನೆ ಎಂದಾಗ ಮೇಲಿನ ಮಹಡಿಯ ಉಡುಪಿಯ ಶೈಲಾ ಆಂಟಿ ತಡೆದರು. "ನಿನಗ್ಯಾಕಮ್ಮ ಈ ಉಸಾಬರಿ? ವೀಸಾ ರಿನ್ಯೂ ಆಗೋವರೆಗೂ ಬಾಯ್ಮುಚ್ಕೊಂಡಿರು. ನಾನೂ ಹಾಗೇ ಇದ್ದೆ."

"ನೀವು ಸಿಟಿಜನ್ ಆಗಿ ಐದು ವರ್ಷ ಆಯ್ತಲ್ಲ ಆಂಟಿ? ಈಗ ಮಾತಾಡ್ತೀರಾ?"

"ಅಭ್ಯಾಸ ತಪ್ಪೋಗಿದೆ ಕಣೆ," ಎಂದರು ಆಂಟಿ.

ಆ ಮಾತು ಕೇಳಿ, ನಾನೂ ಹೀಗೇ ಆಗಿಬಿಟ್ಟರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಿಯರಿಂಗಿಗೆ ಹೆಸರು ಕೊಟ್ಟೇಬಿಟ್ಟೆ. ಹಿಯರಿಂಗ್ ದಿನ ಆಂಟಿಯೇ ಕೆಳಗೆ ಬಂದು, "ನಡಿ, ಡ್ರಾಪ್ ಮಾಡ್ತೀನಿ" ಎಂದರು. ಡ್ರಾಪ್ ಮಾಡಿ ಹೋಗಲೂ ಇಲ್ಲ, ಒಳಗೆ ಬಂದು ಕೂತರು.

ಮೈಕಿನ ಮುಂದೆ ಹೋಗಿ ನಿಂತೆ. "ನಾನು ಇಲ್ಲಿನ ನಾಗರಿಕಳಲ್ಲ, ಓಟೂ ಇಲ್ಲ. ಆದರೆ ಹಿಮ ಬಿದ್ದ ದಿನವೂ ಆ ಸ್ಟಾಪಿನಲ್ಲಿ ನಿಲ್ಲುವವಳು ನಾನು," ಎಂದು ಶುರು ಮಾಡಿದೆ. ಗಂಟೆ ಬಾರಿಸುವಷ್ಟರಲ್ಲಿ ಹೇಳಬೇಕಾದ್ದೆಲ್ಲ ಹೇಳಿದ್ದೆ. ಕೋರ್ಟಿನ ಹಾಳು ಅಭ್ಯಾಸ, ಪೀಠಕ್ಕೆ ತಲೆಬಾಗಿ ಹಿಂದಕ್ಕೆ ಹೆಜ್ಜೆಯಿಡುತ್ತಾ ಸರಿದೆ. ಸಭೆಯ ಅಧ್ಯಕ್ಷರು ಗಲಿಬಿಲಿಯಾಗಿ ತಾವೂ ತಲೆಬಾಗಿದರು. ಆಂಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ಸ್ಟಾಪ್ ಅರ್ಧ ಉಳಿಯಿತು. ಈಗ ಬೆಳಿಗ್ಗೆ ಎರಡು ಬಸ್ ಮಾತ್ರ ನಿಲ್ಲುತ್ತವೆ. ಪುಣ್ಯಕ್ಕೆ ನನ್ನದು ಅದರಲ್ಲೊಂದು.

ಬಸ್ಸಿನಲ್ಲಿ ಕೂತಾಗ ಮೈಸೂರಿನ ನಮ್ಮ ಬೀದಿಯ ಒಡೆದ ಮೋರಿ ನೆನಪಾಗುತ್ತದೆ. ಅಲ್ಲಿ ನನಗೆ ಓಟಿತ್ತು, ಕರಿಕೋಟಿತ್ತು. ಊರವರ ಪರವಾಗಿ ಹನ್ನೊಂದು ವರ್ಷ ವಾದಿಸಿದೆ, ಆ ಮೋರಿಗೆ ಒಂದು ಅರ್ಜಿ ಬರೆಯಲಿಲ್ಲ. ಬೇಸಿಗೆ ರಜೆಗೆ ಹೋದಾಗ ಖಂಡಿತ ಕೊಡುತ್ತೇನೆ. ಒಕ್ಕಣೆಯೂ ತಯಾರಿದೆ. ಅರ್ಜಿದಾರಳ ವಿಳಾಸ ಎಂಬಲ್ಲಿ ಮಾತ್ರ ಯಾವ ಊರು ಬರೆಯಲಿ ಎಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.